ಕಾಣದ ಉರಿ

ಮಗಳು ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ವರ್ಷವೇ ತಾಯಿಯ ಬಾಯಿಗೆ ಉರಿ ಹತ್ತಿಕೊಂಡಿತು. ಬಿಸಿ ಕಾಫಿ ಕುಡಿದು ಸುಟ್ಟುಕೊಂಡಂತೆ ನಾಲಿಗೆಯ ತುದಿ, ತುಟಿ, ಅಂಗುಳ ಚುರುಗುಟ್ಟುತ್ತಿದ್ದವು. ಬೆಳಿಗ್ಗೆ ಅಷ್ಟಾಗಿ ಇರದು. ದೀಪ ಹಚ್ಚುವ ಹೊತ್ತಿಗೆ ಸಹಿಸಲಾಗದು. ‘ಉಷ್ಣ ಕಣ್ರೀ, ಮಜ್ಜಿಗೆ ಕುಡೀರಿ’ ಎಂದರು ನೆರೆಯವರು. ಸಾರಿಗೆ ಖಾರ ಹಾಕುವುದು ನಿಂತಿತು, ಉರಿ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹುಣ್ಣಿಲ್ಲ, ಕೆಂಪಿಲ್ಲ. ‘ಎಲ್ಲ ಮನಸ್ಸಿನ ಭ್ರಮೆ’ ಎಂಬ ಮಾತು ಮನೆಯಲ್ಲೇ ಕೇಳಿಬಂದ ಮೇಲೆ ತಾಯಿ ಹೇಳಿಕೊಳ್ಳುವುದನ್ನೇ ಬಿಟ್ಟರು.

ಮಗಳು ಗಮನಿಸಿದ್ದು ಒಂದು ಸಣ್ಣ ಸಂಗತಿ: ಊಟ ಮಾಡುವಾಗ ಅಮ್ಮ ನರಳುವುದಿಲ್ಲ! ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಉರಿಯ ವೇಳೆ, ತಿಂದ ತಿಂಡಿ, ನುಂಗಿದ ಮಾತ್ರೆ ಎಲ್ಲವನ್ನೂ ಬರೆಯುತ್ತ ಹೋದಳು. ವೈದ್ಯರು ಮೊದಲು ಓದಿದ್ದು ಆ ಪುಟವನ್ನೇ.

ಹುಣ್ಣಿದ್ದರೆ ಊಟದಿಂದ ಉರಿ ಹೆಚ್ಚಬೇಕು, ಇಲ್ಲಿ ತಗ್ಗುತ್ತಿತ್ತು. ಆದರೂ ಬೇರೆ ಕಾರಣಗಳನ್ನು ಒಂದೊಂದಾಗಿ ಹುಡುಕಬೇಕಾಯಿತು: ಬಿ12 ಜೀವಸತ್ವ ಮತ್ತು ಕಬ್ಬಿಣದ ಕೊರತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಶಿಲೀಂಧ್ರ ಸೋಂಕು, ಬಾಯಿ ಒಣಗುವಿಕೆ, ರಕ್ತದೊತ್ತಡದ ಕೆಲವು ಮಾತ್ರೆಗಳು. ಯಾವುದೂ ಅಲ್ಲ. ದಿನಕ್ಕೆ 2 ಗಂಟೆಗೂ ಹೆಚ್ಚು, 3 ತಿಂಗಳಿಗೂ ಮೀರಿ ಕಾಡುವ, ಬೇರೆ ಕಾರಣ ಕಾಣದ ಈ ಉರಿಗೆ ‘ಬರ್ನಿಂಗ್ ಮೌತ್ ಸಿಂಡ್ರೋಮ್’ ಎಂದು ಹೆಸರು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಆಗಲಿ, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಾಗಲಿ ನರದ ಒಂದೇ ಬಾಗಿಲನ್ನು ತಟ್ಟುತ್ತದೆ. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಈ ಕಾಯಿಲೆಯಲ್ಲಿ ಖಾರವೂ ಇಲ್ಲದೆ, ಬಿಸಿಯೂ ಇಲ್ಲದೆ ನರಗಳೇ ಗಂಟೆ ಬಾರಿಸುತ್ತವೆ. ಕೆಲವು ರೋಗಿಗಳ ನಾಲಿಗೆಯಲ್ಲಿ ಸೂಕ್ಷ್ಮ ನರತಂತುಗಳು ಕಡಿಮೆಯಾಗಿರುವುದೂ ಕಂಡುಬಂದಿದೆ. ಎಂದಮೇಲೆ ಭ್ರಮೆ ಎನ್ನುವುದು ಹೇಗೆ?

ಆದರೆ ಅಡಿಕೆ, ಗುಟ್ಕಾ ಜಗಿಯುವ ಹುಡುಗನಿಗೆ ಖಾರ ತಾಗಿದರೆ ಬಾಯಿ ಉರಿದು, ಬಾಯಿ ತೆರೆಯುವುದೂ ಕಷ್ಟವಾಗುತ್ತಿದ್ದರೆ ಅದು ಬೇರೆಯದೇ ಕಾಯಿಲೆ. ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಬೈಗುಳಕ್ಕೆ ಹೆದರಿ ಅದನ್ನು ಮುಚ್ಚಿಡಬಾರದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ತಾಯಿಗೆ ವೈದ್ಯರು ಬಾಯಲ್ಲಿ ಕರಗಿಸಿ ಉಗುಳುವ ಮಾತ್ರೆ ಬರೆದುಕೊಟ್ಟರು. ಉರಿ ಪೂರ್ತಿ ಹೋಗಿಲ್ಲ. ‘ಇವತ್ತು ಹತ್ತಕ್ಕೆ ಎಷ್ಟಮ್ಮ?’ ಎಂದು ಮಗಳು ಸಂಜೆ ಕೇಳುತ್ತಾಳೆ. ‘ನಾಲ್ಕು’ ಎನ್ನುತ್ತಾರೆ ತಾಯಿ. ಸಾರಿಗೆ ಮತ್ತೆ ಖಾರ ಬಂದಿದೆ.