ಪ್ರಾಣವಾಯುವಿನ ಮಿತಿ

ಆಮ್ಲಜನಕಕ್ಕೆ ಕನ್ನಡದಲ್ಲಿ ಪ್ರಾಣವಾಯುವೆಂಬ ಹೆಸರೂ ಉಂಟು. ಪ್ರಾಣವನ್ನು ಕಾಯುವ ವಸ್ತುವೇ ಪ್ರಾಣವನ್ನು ಕಳೆಯಬಲ್ಲುದೆಂದರೆ ಕೇಳಿದವರಿಗೆ ಒಗಟಿನಂತೆ ತೋರುವದು. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಕಡಲಿನ ಆಳದಲ್ಲಿ ಅಕ್ಷರಶಃ ನಿಜವಾಗಿದೆ.

ರಾಮದುರ್ಗದ ಕಡೆಯ ಸಾಲಹಳ್ಳಿಯಂಥ ಬಯಲುನಾಡಿನ ಊರುಗಳಲ್ಲಿ ಬಾವಿಗೆ ಹಾರುವ ಹುಡುಗನು ಉಸಿರು ಬಿಗಿಹಿಡಿದೇ ಮುಳುಗುವನು. ಎದೆ ತುಂಬಿದ ಗಾಳಿಯೇ ಅವನ ಬುತ್ತಿ. ಅದು ತೀರುತ್ತ ಬಂದಂತೆ ಮೇಲೇಳೆಂದು ದೇಹವೇ ಸಾಮಾನ್ಯವಾಗಿ ಅವನನ್ನು ಎಚ್ಚರಿಸುವದು. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಕಡಲಿಗೆ ಇಳಿಯುವವನ ಸಂಗತಿ ಬೇರೆ. ಅವನು ನೀರೊಳಗೇ ಉಸಿರಾಡುವನು. ಆ ಉಸಿರಿಗೆ ಸುತ್ತಲಿನ ನೀರಿನಷ್ಟೇ ಒತ್ತಡವಿರುವದು.

ದಡದ ಮೇಲಿನ ಗಾಳಿಯ ಒತ್ತಡವನ್ನು 1 ಎಂದು ಹಿಡಿದರೆ, ಪ್ರತಿ 10 ಮೀಟರು ಆಳಕ್ಕೆ ಅದು ಇನ್ನೊಂದರಷ್ಟು ಏರುವದು. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿರುವದರಿಂದ ದಡದಲ್ಲಿ ಅದರ ಒತ್ತಡವು 0.21, 30 ಮೀಟರು ಆಳದಲ್ಲಿ ಅದರ ನಾಲ್ಕು ಪಟ್ಟು, ಎಂದರೆ 0.84. ಇದು 1.4ನ್ನು ಮೀರಬಾರದು, 1.6 ಕಟ್ಟಕಡೆಯ ಗಡಿ ಎಂಬುದು ಮುಳುಗುಗಾರರ ಸಾಮಾನ್ಯ ನಿಯಮ. ಹೊಸಬರು ಹತ್ತು ಹನ್ನೆರಡು ಮೀಟರು ಇಳಿದಲ್ಲಿ ಸಾದಾ ಗಾಳಿಯಿಂದ ಈ ಭಯವಿಲ್ಲ. ಆದರೆ ಆಳದಲ್ಲಿ ಹೆಚ್ಚು ಹೊತ್ತು ಉಳಿಯಲೆಂದು ಸಾರಜನಕವನ್ನು ತಗ್ಗಿಸಿ, ಆಮ್ಲಜನಕವನ್ನು 32 ಪಾಲಿಗೆ ಏರಿಸಿದ ನೈಟ್ರಾಕ್ಸ್ ಎಂಬ ಮಿಶ್ರಣವನ್ನು ಬಳಸಿದರೆ ಸುಮಾರು 34 ಮೀಟರಿಗೇ ಆ 1.4 ಬಂದು ಮುಟ್ಟುವದು. 36 ಪಾಲಿದ್ದರೆ ಸುಮಾರು 29 ಮೀಟರಿಗೇ.

ಒತ್ತಡಕ್ಕೊಳಗಾದ ಆಮ್ಲಜನಕವು ಅಪಸ್ಮಾರದಂಥ ಸೆಳವನ್ನು ತರುವದೆಂದು ಫ್ರಾನ್ಸಿನ ಪಾಲ್ ಬರ್ಟನು 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯನಾದ ಕೆನೆತ್ ಡೊನಾಲ್ಡನು ಅನೇಕ ಪರೀಕ್ಷೆಗಳನ್ನು ನಡೆಸಿ, ಇದನ್ನು ತಾಳುವ ಶಕ್ತಿಯು ಮನುಷ್ಯರಲ್ಲಿ ಭಿನ್ನವಾಗಿರುವದಷ್ಟೇ ಅಲ್ಲ, ಒಬ್ಬನಲ್ಲಿಯೇ ದಿನದಿಂದ ದಿನಕ್ಕೆ ಬದಲಾಗುವದೆಂದು ಕಂಡನು. ನಿನ್ನೆ ಏನೂ ಆಗಲಿಲ್ಲವೆಂಬುದು ಇಂದಿಗೆ ಅಭಯವಲ್ಲ. ತುಟಿ ಅದುರುವದು, ಕಿವಿ ಮೊರೆಯುವದು, ದೃಷ್ಟಿ ಕಿರಿದಾಗುವದು, ಓಕರಿಕೆ—ಇಂಥ ಮುನ್ಸೂಚನೆಗಳು ಒಮ್ಮೊಮ್ಮೆ ಬರುವವು. ಎಷ್ಟೋ ಸಲ ಯಾವದೂ ಬಾರದೆ ಸೆಳವೇ ಬಂದೆರಗುವದು. ನೆಲದ ಮೇಲಾದರೆ ಕೆಲವು ನಿಮಿಷಗಳಲ್ಲಿ ಇಳಿದುಹೋಗುವ ಸೆಳವು, ನೀರಿನಲ್ಲಿ ಬಾಯೊಳಗಿನ ಉಸಿರುಗೊಳವೆಯನ್ನು ಜಾರಿಸಿ ಮನುಷ್ಯನನ್ನು ಮುಳುಗಿಸಿ ಕೊಲ್ಲಬಹುದು.

ದೇಹವು ಹೇಳದಿರುವದನ್ನು ಲೆಕ್ಕವೇ ಹೇಳಬೇಕು. ಆದಕಾರಣ ಬಲ್ಲ ಮುಳುಗುಗಾರನು ಸಿಲಿಂಡರಿನಲ್ಲಿಯ ಆಮ್ಲಜನಕದ ಪಾಲನ್ನು ಪರರ ಮಾತಿಗೆ ಬಿಡದೆ ತಾನೇ ಯಂತ್ರದಿಂದ ಅಳೆಯುವನು. ಇಳಿಯಬಹುದಾದ ಕಡೆಯ ಆಳವನ್ನು ಸಿಲಿಂಡರಿನ ಮೇಲೆ ಬರೆಯುವನು. ಮಣಿಕಟ್ಟಿನ ಕಂಪ್ಯೂಟರಿಗೂ ಆ ಅಂಕವನ್ನೇ ತಿಳಿಸುವನು. ಆಳದಂತೆಯೇ ಕಾಲಕ್ಕೂ ಮಿತಿಯುಂಟು: ರೂಢಿಯ ಕೋಷ್ಟಕದ ಪ್ರಕಾರ ಒಂದು ಮುಳುಗಿಗೆ 1.4ರಲ್ಲಿ 150 ನಿಮಿಷ, 1.6ರಲ್ಲಿ 45 ನಿಮಿಷ ಮಾತ್ರ. ಕಳೆದ ನಿಮಿಷಗಳನ್ನು ಆ ಯಂತ್ರವು ಶೇಕಡಾವಾರು ಕೂಡಿಸುತ್ತ ಹೋಗುವದು.

ನೀರಿಗಿಳಿಯಲು ಧೈರ್ಯವು ಬೇಕೇ ಬೇಕು. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಅದು ತಿಳಿಸಲಾರದು. ಕೇಡೆಂದು ತಿಳಿದ ವಸ್ತುವಿಗೆ ಮನುಷ್ಯನು ತಾನಾಗಿಯೇ ಅಂಜುವನು. ಒಳಿತೆಂದು ನಂಬಿದ ವಸ್ತುವನ್ನೂ ಅಳೆದು ಕೊಳ್ಳುವವನೇ ವಿವೇಕಿ.