ಎರವು ತಂದ ತಾಸುಗಳು

ಮನುಷ್ಯನು ಮಾಡುವ ಸಾಲಗಳಲ್ಲಿ ಪತ್ರ ಬರೆದುಕೊಟ್ಟು ಮಾಡಿದವು ಹಗುರವಾದುವು. ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ, ಕೊಡುವವನು ನಗುನಗುತ್ತ ಕೊಟ್ಟ ಸಾಲವೇ ತೀರಿಸಲು ಕಷ್ಟವಾದುದು. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮ ಹಿರಿಯರು ಮೂರನ್ನು ಎಣಿಸಿರುವರಷ್ಟೆ. ನಮ್ಮ ಪಾಲಿಗೆ ನಾಲ್ಕನೆಯದೊಂದು ಉಂಟು. ಅದು ಚಿತ್ರದ ಮಾಸ್ತರರ ಋಣ.

ಮೂವತ್ತು ವರುಷಕ್ಕೂ ಮೇಲ್ಪಟ್ಟು ನಾವು ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದೆವು. ಅವುಗಳಲ್ಲಿ ಒಂದು ಶಾಲೆಯಲ್ಲಿ ಚಿತ್ರಕಲೆಗೆ ವಾರಕ್ಕೆ ಎರಡು ತಾಸುಗಳಿದ್ದುವು. ಮಾಘಮಾಸ ಬಂದು ಪರೀಕ್ಷೆ ಸಮೀಪಿಸಿತೆಂದರೆ ನಾವು ಚಿತ್ರದ ಮಾಸ್ತರರ ಬಳಿಗೆ ಹೋಗಿ, "ಮಾಸ್ತರರೆ, ಸಮಾಸಪ್ರಕರಣ ಇನ್ನೂ ಮುಗಿದಿಲ್ಲ, ಇಂದಿನ ತಾಸನ್ನು ನಮಗೆ ಕೊಡಿರಿ" ಎನ್ನುತ್ತಿದ್ದೆವು. ಅವರು ಎಂದೂ ಇಲ್ಲವೆಂದವರಲ್ಲ. "ಒಯ್ಯಿರಿ, ಶಾಸ್ತ್ರಿಗಳೆ" ಎಂದು ತಮ್ಮ ಕಾಗದದ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಬೇವಿನ ಮರದ ನೆರಳಿಗೆ ಹೋಗಿ ಕುಳಿತುಬಿಡುತ್ತಿದ್ದರು. ಮೊದಮೊದಲು ಮಾಘದಲ್ಲಿ ಮಾತ್ರ ಬೇಡುತ್ತಿದ್ದ ನಾವು ಬರಬರುತ್ತ ಕಾರ್ತಿಕದಿಂದಲೇ ಬೇಡತೊಡಗಿದೆವು. ಕೊನೆಕೊನೆಗೆ ಬೇಡುವ ಸೌಜನ್ಯವನ್ನೂ ಬಿಟ್ಟು ನೇರವಾಗಿ ಒಳಗೆ ಹೋಗಿ ಪಾಠ ಆರಂಭಿಸುತ್ತಿದ್ದೆವು. ಚಿತ್ರವೆಂಬುದು ಪರೀಕ್ಷೆಗಿಲ್ಲದ ವಿಷಯ, ಆಟಕ್ಕೆ ಸಮಾನವಾದುದು ಎಂಬುದೇ ಆಗಿನ ನಮ್ಮ ತಿಳಿವಳಿಕೆ. ಹೀಗೆ ಎರವು ತಂದ ತಾಸುಗಳಲ್ಲಿ ಒಂದನ್ನಾದರೂ ನಾವು ಹಿಂದಕ್ಕೆ ಕೊಡಲಿಲ್ಲ.

ನಿವೃತ್ತರಾದ ಮೇಲೆ ನಾವು ಕಲಬುರಗಿಯ ಅಂಚಿನಲ್ಲಿರುವ ತಾಜಸುಲ್ತಾನಪುರದಲ್ಲಿ ನೆಲೆಸಿದ್ದೇವೆ. ನಮ್ಮ ಮನೆಯ ಕಟ್ಟೆಗೆ, ಈ ಸೀಮೆಯ ಎಲ್ಲ ಮನೆಗಳಂತೆ, ಶಹಾಬಾದಿನ ಕಲ್ಲನ್ನು ಹಾಸಿದೆ. ಒಂದು ಸಂಜೆ ನೆರೆಮನೆಯ ಹುಡುಗಿ ಆ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಏನನ್ನೋ ಬರೆಯುತ್ತಿದ್ದಳು. ಒಂಬತ್ತನೆಯ ವರ್ಗದವಳು. ಮಡಿಲಲ್ಲಿ ಹಳೆಯದೊಂದು ಕ್ಯಾಲೆಂಡರಿನ ಹಾಳೆ; ಅದರಲ್ಲಿದ್ದ ಹಿಮದ ಬೆಟ್ಟವನ್ನೂ ಅದರ ಬುಡದ ಮರದ ಮನೆಯನ್ನೂ ನೋಡಿ ನೋಡಿ ತಿದ್ದುತ್ತಿದ್ದಳು. "ಇಂಥ ಬೆಟ್ಟವನ್ನು ಎಲ್ಲಿ ಕಂಡೆ, ತಂಗಿ?" ಎಂದೆವು. "ಎಲ್ಲೂ ಕಂಡಿಲ್ರಿ, ಅಜ್ಜಾರೆ. ಚಿತ್ರ ಅಂದ್ರ ಹಿಂಗೇ ಇರ್ತದಲ್ರಿ?" ಎಂದಳು. ಆ ಮಾತು ನಮಗೆ ನಾಟಿತು. ಚಿತ್ರವೆಂದರೆ ಹೇಗಿರಬೇಕೆಂದು ಇವಳಿಗೆ ಹೇಳಿಕೊಡಬೇಕಾಗಿದ್ದ ತಾಸುಗಳನ್ನು ನಮ್ಮಂಥವರಲ್ಲವೆ ಕಸಿದುಕೊಂಡುದು!

ಮರುದಿನವೇ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡೆವು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಕೋಣೆಯನ್ನು ಚಿತ್ರದ ವರ್ಗಕ್ಕೆ ಬಿಟ್ಟುಕೊಡಲು ಅವರು ಸಂತೋಷದಿಂದ ಒಪ್ಪಿದರು. ಶ್ರಾವಣದ ಮೊದಲ ಶನಿವಾರ ಇಪ್ಪತ್ತೇಳು ಮಕ್ಕಳು ಬಂದರು. ನಮಗೆ ಗೆರೆ ಎಳೆಯಲು ಬಾರದು. ಆದರೆ ಗ್ರಂಥ ಬರುತ್ತಿತ್ತು. ಕಾಮಸೂತ್ರದ ವ್ಯಾಖ್ಯಾನದಲ್ಲಿ ಯಶೋಧರನು ಹೇಳಿರುವ ಚಿತ್ರದ ಆರು ಅಂಗಗಳನ್ನು, ಎಂದರೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬಿವನ್ನು ಹಲಗೆಯ ಮೇಲೆ ಬರೆದು ವಿವರಿಸಿದೆವು. ಎರಡನೆಯ ಶನಿವಾರ ವಿಷ್ಣುಧರ್ಮೋತ್ತರದ ಚಿತ್ರಸೂತ್ರವನ್ನು ಎತ್ತಿಕೊಂಡು, ನೃತ್ಯವನ್ನು ಅರಿಯದವನಿಗೆ ಚಿತ್ರ ತಿಳಿಯದು, ವಾದ್ಯವನ್ನು ಅರಿಯದವನಿಗೆ ನೃತ್ಯ ತಿಳಿಯದು ಎಂದು ಮಾರ್ಕಂಡೇಯನು ವಜ್ರನಿಗೆ ಬೋಧಿಸಿದುದನ್ನು ಹೇಳಿದೆವು. ಮೂರನೆಯ ಶನಿವಾರ ಒಂಬತ್ತು ಮಕ್ಕಳು ಉಳಿದಿದ್ದರು. ಅವರ ಮುಖಗಳನ್ನು ನೋಡಿದಾಗ ನಮಗೆ ಹೊಳೆಯಿತು: ನಾವು ಚಿತ್ರದ ತಾಸನ್ನು ಮತ್ತೊಮ್ಮೆ ಕದ್ದು ಸಂಸ್ಕೃತಕ್ಕೆ ಕೊಟ್ಟಿದ್ದೆವು!

ಅಂದೇ ಸಂಜೆ ಕಲಬುರಗಿಗೆ ಹೋಗಿ ಆ ಹಳೆಯ ಮಾಸ್ತರರ ಮನೆಯನ್ನು ಹುಡುಕಿದೆವು. ಅವರು ನಮಗಿಂತ ಹತ್ತು ವರುಷ ಹಿರಿಯರು. ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ, ನಡೆ ನಿಧಾನವಾಗಿದೆ. ಹಿಂದಿನದೆಲ್ಲವನ್ನೂ ಹೇಳಿ, ತಪ್ಪಾಯಿತೆಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಎಷ್ಟು ತಾಸು ಒಯ್ದಿರೆಂಬ ಲೆಕ್ಕವನ್ನು ನಾನು ಇಟ್ಟಿಲ್ಲ, ಶಾಸ್ತ್ರಿಗಳೆ. ಆದರೆ ಆ ಬೇವಿನ ಮರವನ್ನು ಮಾತ್ರ ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ" ಎಂದರು. ನಮಗೆ ತಲೆ ಎತ್ತಲಾಗಲಿಲ್ಲ. ಅವರೇ ಕೇಳಿದರು: "ಶನಿವಾರ ಎಷ್ಟು ಗಂಟೆಗೆ ಬರಲಿ?"

ಅವರು ಬಂದವರು ಉಪನ್ಯಾಸ ಮಾಡಲಿಲ್ಲ. ನೀರು ಕುಡಿಯಲು ಇಟ್ಟಿದ್ದ ಹಿತ್ತಾಳೆಯ ಚರಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟು, "ಬರೆಯಿರಿ" ಎಂದರು. ನಮ್ಮ ಕಡೆಗೆ ತಿರುಗಿ, "ನೀವೂ ಕೂಡಿರಿ" ಎಂದರು. ಅರವತ್ತರ ನಾವು ಮಕ್ಕಳ ಸಾಲಿನಲ್ಲಿ ಕುಳಿತು ಚರಿಗೆ ಬರೆದೆವು. ಮಾಸ್ತರರು ಒಬ್ಬೊಬ್ಬರ ಹಾಳೆಯನ್ನೂ ನೋಡಿ ನಕ್ಕರು. ಎಲ್ಲರೂ ಚರಿಗೆಯ ಬಾಯನ್ನು ಪೂರ್ಣವೃತ್ತವಾಗಿ ಬರೆದಿದ್ದೆವು. ತಳವನ್ನು ಮಾತ್ರ ನೆಟ್ಟನೆಯ ಗೆರೆಯಾಗಿ ಎಳೆದಿದ್ದೆವು. "ಬಾಯಿ ದುಂಡಗಿದೆಯೆಂದು ನಿಮ್ಮ ತಲೆ ಬಲ್ಲದು. ಕಣ್ಣು ಹಾಗೆ ಹೇಳುತ್ತಿದೆಯೇ, ಕೇಳಿರಿ" ಎಂದು ಚರಿಗೆಯನ್ನು ನಮ್ಮ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ದುಂಡುಬಾಯಿ ಒಂದು ಗೆರೆಯಾಗಿಹೋಯಿತು! ಮೆಲ್ಲಗೆ ಇಳಿಸುತ್ತ ಹೋದಂತೆ ಆ ಗೆರೆ ಬಿರಿದು ಹುಣಿಸೆಬೀಜದಂತಾಯಿತು, ಮತ್ತೆ ಮೊಟ್ಟೆಯಂತಾಯಿತು. ಪಾದದ ಬಳಿ ಇಟ್ಟು ಮೇಲಿನಿಂದ ಬಗ್ಗಿ ನೋಡಿದಾಗ ಮಾತ್ರ ವೃತ್ತವಾಯಿತು. ಪ್ರಮಾಣ, ಸಾದೃಶ್ಯ ಎಂಬ ಶಬ್ದಗಳನ್ನು ನಾಲ್ವತ್ತು ವರುಷ ಬಾಯಲ್ಲಿಟ್ಟುಕೊಂಡಿದ್ದ ನಮಗೆ ಅವುಗಳ ಅರ್ಥ ಅಂದು ಒಂದು ಚರಿಗೆಯ ಬಾಯಲ್ಲಿ ಕಂಡಿತು. ಮುಂದಿನ ಶನಿವಾರ ಹತ್ತೊಂಬತ್ತು ಮಕ್ಕಳಿದ್ದರು.

ಸಾಮಗ್ರಿಯ ಚಿಂತೆ ಬಂದಿತು. ಬಣ್ಣದ ಪೆಟ್ಟಿಗೆ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಇಲ್ಲಿ ಮಾತ್ರ ನಮ್ಮ ಗ್ರಂಥ ಕೆಲಸಕ್ಕೆ ಬಂದಿತು. ನಮಗೆ ನೆರೆಯದೇ ಆದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕ್ಕೆಂದೇ ಒಂದು ಭಾಗವುಂಟು. ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವುದು, ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬರೆಯುವ ಕಡ್ಡಿಯಾಗಿ ಹೊಸೆಯುವುದು, ಶಂಖದಿಂದ ಬಿಳುಪು, ಹರಿತಾಳದಿಂದ ಹಳದಿ ಪಡೆಯುವುದು ಮುಂತಾದುವನ್ನು ಅರಸನೊಬ್ಬನು ಅಡಿಗೆಮನೆಯ ಹಿರಿಯಳಂತೆ ವಿವರವಾಗಿ ಹೇಳಿರುವನು. ಹರಿತಾಳವು ಪಾಷಾಣ ಬೆರೆತ ವಿಷವಾದುದರಿಂದ ಅದನ್ನು ಬಿಟ್ಟು ಅರಿಸಿನವನ್ನು ಹಿಡಿದೆವು. ವಜ್ರಲೇಪಕ್ಕೆ ಬದಲಾಗಿ ಜಾಲಿಯ ಅಂಟನ್ನು ನೆನೆಸಿದೆವು. ದೀಪದ ಕಾಡಿಗೆ ಮನೆಮನೆಯಲ್ಲೂ ದೊರೆಯಿತು, ಕೆಂಪಿಗೆ ಕಾವಿಯಿತ್ತು. ಹಳೆಯ ಕ್ಯಾಲೆಂಡರುಗಳ ಬೆನ್ನೇ ಕಾಗದವಾಯಿತು. ಅರಿಸಿನದ ಬಣ್ಣ ಬಿಸಿಲಿಗೆ ಬೇಗನೆ ಮಾಸುವುದೆಂಬುದನ್ನೂ ಮಕ್ಕಳು ತಾವಾಗಿಯೇ ಕಂಡುಕೊಂಡರು.

ಒಂದು ದಿನ ಬಡಿಗ ಕೆಲಸದವನೊಬ್ಬನು ಮಗನನ್ನು ಕರೆದೊಯ್ಯಲು ಬಂದನು. "ಶರಣ್ರಿ, ಗುರುಗಳೆ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಚಿತ್ರ ತಗದರ ಹೊಟ್ಟಿ ತುಂಬತದೇನ್ರಿ?" ಎಂದನು. ಇದೇ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ, ಚಲಚ್ಚಿತ್ರದ ಭಿತ್ತಿಪತ್ರಗಳಿಂದಲೂ ಪುರಾಣಚಿತ್ರದ ಕ್ಯಾಲೆಂಡರುಗಳಿಂದಲೂ ದೇಶದ ಮನೆಮನೆಗೂ ಪರಿಚಿತರಾದ ಸಂಗತಿಯನ್ನು ಹೇಳಲು ಬಾಯಿ ತೆರೆದೆವು. 1993ರಲ್ಲಿ ಅವರು ತೀರಿಕೊಂಡರು. ನಗರದ ರಂಗಮಂದಿರ ಈಗಲೂ ಅವರ ಹೆಸರನ್ನು ಹೊತ್ತಿದೆ. ಆದರೆ ನೂರು ಮಕ್ಕಳಿಗೆ ಒಬ್ಬ ಪಂಡಿತರನ್ನು ತೋರಿಸಿ ಆಸೆ ಹುಟ್ಟಿಸುವುದು ನ್ಯಾಯವೆನಿಸಲಿಲ್ಲ. "ತುಂಬುತ್ತದೆಯೆಂದು ಮಾತು ಕೊಡಲಾರೆವಪ್ಪಾ" ಎಂದೆವು.

ಅಷ್ಟರಲ್ಲಿ ಅವನ ಕಣ್ಣು ಹಲಗೆಯ ಮೇಲಿದ್ದ ಚೌಕದ ಕಡೆಗೆ ಹೋಯಿತು. "ಈ ಮೂಲಿ ಸರಿ ಇಲ್ರಿ" ಎಂದು ಜೇಬಿನಿಂದ ದಾರ ತೆಗೆದು, ಒಂದು ಬದಿಗೆ ಮೂರು ಗೇಣು, ಇನ್ನೊಂದಕ್ಕೆ ನಾಲ್ಕು ಗೇಣು ಅಳೆದು, ಅವುಗಳ ತುದಿಗಳ ನಡುವೆ ಐದು ಗೇಣು ಬರುವಂತೆ ಗೆರೆಯನ್ನು ತಿದ್ದಿ ಮೂಲೆಯನ್ನು ನೇರ್ಪಡಿಸಿದನು. ಯಜ್ಞವೇದಿಯ ಮೂಲೆಗಳನ್ನು ಹಗ್ಗದಿಂದ ಅಳೆಯುವ ಈ ವಿಧಾನವನ್ನೇ ಶುಲ್ಬಸೂತ್ರಗಳು ಹೇಳುತ್ತವೆ, ಶುಲ್ಬವೆಂದರೆ ಹಗ್ಗವೇ. ನಾವು ಓದಿದ್ದೆವು, ಅವನು ಮಾಡಿದನು. ಮಗನು ತಂದೆಯ ಕೈಯನ್ನು ಹೊಸದಾಗಿ ಕಂಡವನಂತೆ ನೋಡುತ್ತಿದ್ದನು. ಬಡಿಗನು ಅವನನ್ನು ಕರೆದೊಯ್ಯದೆ, "ಮುಗಿಸಿಕೊಂಡು ಬಾ" ಎಂದು ಹೊರಟುಹೋದನು.

ಮಾರ್ಗಶಿರದಲ್ಲಿ ಮಾಸ್ತರರು, ಮನೆಯಿಂದಲೋ ಹೊಲದಿಂದಲೋ ಒಂದೊಂದು ವಸ್ತುವನ್ನು ತಂದು ಬರೆಯಬೇಕೆಂದರು. ಹಿಮದ ಬೆಟ್ಟದ ಹುಡುಗಿ ಒಂದು ತೊಗರಿಯ ಟೊಂಗೆಯನ್ನು ತಂದಳು. ಅವಳ ಚಿತ್ರದಲ್ಲಿ ಹಸುರು ಕಾಯಿಗಳ ಮೇಲೆ ಓರೆಯಾಗಿ ಕಪ್ಪುನೇರಿಳೆಯ ಗೀಟುಗಳಿದ್ದುವು. ಹಳದಿ ಹೂವಿನ ಹೊರಮೈಯಲ್ಲಿ ಕೂದಲೆಳೆಯಂಥ ಕೆಂಪು ನರಗಳು. "ಈ ಗೀಟುಗಳನ್ನು ಅಂದಕ್ಕೆ ಹಾಕಿದೆಯಾ?" ಎಂದೆವು. "ಇಲ್ರಿ, ಅಜ್ಜಾರೆ. ಅದರಾಗೇ ಅದಾವ್ರಿ, ನೋಡ್ರಿ" ಎಂದು ಟೊಂಗೆಯನ್ನು ನಮ್ಮ ಕೈಗೆ ಕೊಟ್ಟಳು. ನೋಡಿದೆವು, ಇದ್ದುವು. ತೊಗರಿಯ ಕಣಜವೆಂದು ಹೆಸರಾದ ಸೀಮೆ ನಮ್ಮದು. 2019ರಲ್ಲಿ ಇಲ್ಲಿಯ ಬೇಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಅರವತ್ತು ವರುಷ ತೊಗರಿಯನ್ನು ಉಂಡೆವು, ಅದರ ಹೊಲಗಳ ನಡುವೆ ನಡೆದೆವು. ಕಾಯಿಯ ಮೇಲಿನ ಗೀಟನ್ನು ಮಾತ್ರ ಆ ಮಗು ತೋರಿಸುವವರೆಗೂ ಕಾಣಲಿಲ್ಲ.

ಮತ್ತೆ ಮಾಘ ಬಂದಿತು. ಗಣಿತದ ತರುಣ ಅಧ್ಯಾಪಕರೊಬ್ಬರು ಬಾಗಿಲಲ್ಲಿ ನಿಂತು ವಿನಯದಿಂದ, "ಗುರುಗಳೆ, ಹತ್ತನೆಯ ವರ್ಗದ ಪರೀಕ್ಷೆ ಹತ್ತಿರ ಬಂತು. ಇನ್ನು ನಾಲ್ಕು ಶನಿವಾರ ನಮಗೆ ಬಿಟ್ಟುಕೊಡಿರಿ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಪರೀಕ್ಷೆಯಿಂದ ಮಕ್ಕಳ ಮುಂದಿನ ದಾರಿ ನಿಶ್ಚಯವಾಗತಕ್ಕದ್ದು. ಅವರಲ್ಲಿ ನಾವು ನಮ್ಮನ್ನೇ ಕಂಡೆವು. ತಿರುಗಿ ನೋಡಿದರೆ, ಮಾಸ್ತರರು ಆಗಲೇ ಕಾಗದದ ಸುರುಳಿಯನ್ನು ಕಂಕುಳಿಗೆ ಸೇರಿಸಿದ್ದರು. ಅವರು "ಒಯ್ಯಿರಿ" ಎನ್ನುವ ಮೊದಲೇ ನಾವು ಎದ್ದು ನಿಂತು, "ಈ ತಾಸು ಕೊಡತಕ್ಕುದಲ್ಲ, ಅಪ್ಪಾ. ಭಾನುವಾರ ಬೆಳಗ್ಗೆ ನಮ್ಮ ಮನೆಯ ಪಡಸಾಲೆ ಬರಿದಾಗಿರುತ್ತದೆ. ಗಣಿತವನ್ನು ಅಲ್ಲಿ ಹೇಳಿರಿ. ಮಕ್ಕಳಿಗೆ ಚಹಾ ನಮ್ಮದು" ಎಂದೆವು. ಅವರು ಕೊಂಚ ಯೋಚಿಸಿ ಒಪ್ಪಿದರು. ಮಾಸ್ತರರು ಏನೂ ಆಡದೆ ಸುರುಳಿಯನ್ನು ಮತ್ತೆ ಮೇಜಿನ ಮೇಲೆ ಬಿಚ್ಚಿದರು.

ಈಗ ನಮ್ಮ ಮಕ್ಕಳಲ್ಲಿ ನಾಲ್ವರು ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಸಿದ್ಧರಾಗುತ್ತಿರುವರು. ಉಳಿದವರು ಯಾವ ಪರೀಕ್ಷೆಗೂ ಕೂಡುವವರಲ್ಲ, ಆದರೂ ಬರುತ್ತಾರೆ. ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ನಿಮ್ಮ ಮಗುವು ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆದರೆ ಕೂಡಲೇ ನೀರು ಹಾಕಿ ತೊಳೆಯದಿರಿ, ಒಂದು ಗಳಿಗೆ ಬಳಿಯಲ್ಲಿ ಕುಳಿತು, ಅದು ಏನನ್ನು ಕಂಡು ಬರೆದಿದೆಯೆಂದು ಕೇಳಿರಿ. ಸಾಧ್ಯವಾದರೆ ನೀವೂ ಒಂದು ಚರಿಗೆಯನ್ನು ಮುಂದಿಟ್ಟುಕೊಂಡು ಬರೆಯಿರಿ. ನಾವು ಬರೆದ ಚರಿಗೆ ಇನ್ನೂ ಎಡಕ್ಕೆ ವಾಲುತ್ತಲೇ ಇದೆ. ಬಾಯಿ ಮಾತ್ರ ಸರಿಯಾಗಿದೆಯೆಂದು ಮಾಸ್ತರರು ಹೋದ ಶನಿವಾರ ಹೇಳಿದರು.