ಲೈಬ್ರರಿಗೆ ಏನೇನು ಬೇಕು?

ಲಿನಕ್ಸಲ್ಲಿ ಲೈಬ್ರರಿ ಬೇಕಂದ್ರೆ ನಾವು ಒಂದು ಕಮಾಂಡ್ ಹೊಡೀತೀವಿ, ಬಂದುಬಿಡುತ್ತೆ. ಅದು ಯಾವುದನ್ನೆಲ್ಲ ನಂಬಿಕೊಂಡಿದೆ ಅಂತ ಗೊತ್ತಾಗೋದು ಬೇರೆ ಕಡೆಗೆ ಪೋರ್ಟ್ ಮಾಡೋಕೆ ಕೂತಾಗ.

ನಾವು ನಾಲ್ಕು ಜನ ಈಗ ಜೀನೋಡ್ ಓದ್ತಿದ್ದೀವಿ. ಜರ್ಮನಿಯ ಡ್ರೆಸ್ಡೆನ್‌ನಿಂದ 2008ರಲ್ಲಿ ಹೊರಬಂದ ಓಎಸ್ ಫ್ರೇಮ್‌ವರ್ಕ್ ಇದು. ಇಲ್ಲಿ ಹೊರಗಿನವರ ಕೋಡನ್ನು ರೆಪೋದಲ್ಲಿ ತುಂಬಿಕೊಳ್ಳಲ್ಲ. ಲೈಸೆನ್ಸ್, ವರ್ಷನ್, ಎಲ್ಲಿಂದ ಇಳಿಸಬೇಕು, ಹ್ಯಾಶ್ ಏನು ಅಂತ ಒಂದು ಪುಟ್ಟ ಪೋರ್ಟ್ ಫೈಲ್ ಇರುತ್ತೆ. ತಿದ್ದುಪಡಿ ಇದ್ದರೆ ಬೇರೆಯಾಗಿ ಪ್ಯಾಚ್. ಹಾಗಾಗಿ ಯಾರ ಕೋಡ್ ಯಾವುದು ಅನ್ನೋ ಗೋಜಲಿಲ್ಲ.

ಅಲ್ಲಿನ ಸಿ ಲೈಬ್ರರಿ ಫ್ರೀಬಿಎಸ್‌ಡಿಯಿಂದ ಬಂದದ್ದು, ಆದ್ದರಿಂದ ಎಷ್ಟೋ ಕೋಡ್ ಹೆಚ್ಚು ಕಾಡದೆ ಕಂಪೈಲ್ ಆಗುತ್ತೆ. ಕಥೆ ಶುರುವಾಗೋದು ಓಡಿಸುವಾಗ. ಎಲ್ಲರಿಗೂ ಕಾಣೋ ಒಂದೇ ಫೈಲ್ ಸಿಸ್ಟಮ್ ಇಲ್ಲಿಲ್ಲ. ಪ್ರತಿ ಪ್ರೋಗ್ರಾಮಿಗೂ ನಾವು ಕಾನ್ಫಿಗ್‌ನಲ್ಲಿ ಬರೆದು ಕೊಟ್ಟಷ್ಟೇ ಕಾಣುತ್ತೆ. ಪ್ರಿಂಟ್‌ಎಫ್ ಬರೆದದ್ದು ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಹೇಳಬೇಕು.

ಕಿರಿಕಿರಿ ಅನಿಸುತ್ತೆ, ನಿಜ. ಆದರೆ ಲಿಬ್‌ಪಿಎನ್‌ಜಿ ಬಳಸಿ ಬರೀ ಚಿತ್ರ ತೋರಿಸೋ ಪ್ರೋಗ್ರಾಮಿಗೆ ನೆಟ್‌ವರ್ಕ್ ಯಾಕೆ? ಅದನ್ನ ಕೊಡದೇ ಇದ್ದರೆ, ನಾಳೆ ಆ ಲೈಬ್ರರಿಯಲ್ಲಿ ದೋಷ ಸಿಕ್ಕರೂ ನಮ್ಮ ಫೈಲ್ ಅಲ್ಲಿಂದ ನೆಟ್‌ವರ್ಕಿಗೆ ಸೋರೋಕೆ ದಾರಿ ಇರಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ಮುಕ್ಕಾಲು ಪಾಲು ಬೇರೆಯವರ ಕೋಡೇ ಇರುತ್ತೆ. ಅದಕ್ಕೆ ಏನೇನು ಬೇಕು ಅಂತ ಒಮ್ಮೆ ಪಟ್ಟಿ ಮಾಡಿ ನೋಡೋಣ.